ಕಾಲು ಮೈಕ್ರಾನ್ ಎಂದು ಬರೆದುಕೊಟ್ಟಿದ್ದೆ

ಪೀಣ್ಯದ ಒಂದು ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ಸ್ಲಿಪ್ ಗೇಜ್ (ಉದ್ದ ಹೋಲಿಸಲು ಬಳಸುವ, ನಿಖರ ಅಳತೆಯ ಉಕ್ಕಿನ ತುಂಡು) ಅಳೆಯುವುದು ನನ್ನ ಕೆಲಸ. 100 ಮಿ.ಮೀ. ಗೇಜಿಗೆ ಅನಿಶ್ಚಿತತೆ ±0.25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಂದು ಸರ್ಟಿಫಿಕೇಟಿನಲ್ಲಿ ಹಾಕುತ್ತಿದ್ದೆ. ಅಂದರೆ ನೂರಕ್ಕೆ ತೊಂಬತ್ತೈದು ಸಲ ನಿಜವಾದ ಅಳತೆ ಅಷ್ಟರೊಳಗೇ ಇರಬೇಕು. ಎಕ್ಸೆಲ್ ಶೀಟು ಹಾಗೆ ಹೇಳಿತ್ತು. ಆಡಿಟಿಗೆ ಬಂದವರೂ ತಲೆಯಾಡಿಸಿದ್ದರು.

ಆದರೆ ಆ ಅಂಕೆಯನ್ನೇ ಯಾರೂ ಪರೀಕ್ಷಿಸಿರಲಿಲ್ಲ ಅಲ್ವಾ? ನಮಗಿಂತ ಮೇಲಿನ ದರ್ಜೆಯ ಲ್ಯಾಬಿನಲ್ಲಿ ಅಳೆಸಿಟ್ಟ ಗೇಜೊಂದು ಬೀರುವಿನಲ್ಲಿತ್ತು. ಅದು ಯಾರೋ ಗಿರಾಕಿಯದೇ ಎಂಬಂತೆ, ಬೇರೆ ಬೇರೆ 20 ದಿನ ಅಳೆದೆ. ಒಂದೆರಡು ಸಲ ಗೆರೆ ದಾಟಿದರೆ ಸಹಜ. ದಾಟಿದ್ದು ಆರು ಸಲ.

ಶೀಟು ತೆಗೆದು ಕೂತೆ. ರಿಪೀಟೆಬಿಲಿಟಿಗೆ, ಅಂದರೆ ಮತ್ತೆ ಮತ್ತೆ ಅಳೆದರೆ ಅಂಕೆ ಎಷ್ಟು ಬದಲಾಗುತ್ತೆ ಎಂಬುದಕ್ಕೆ, ಹತ್ತು ರೀಡಿಂಗ್ ಇತ್ತು, ಸರಿ. ಆದರೆ ಗೇಜನ್ನು ಮೇಲೆತ್ತದೆ ಹತ್ತೇ ನಿಮಿಷದಲ್ಲಿ ತೆಗೆದದ್ದು. ಹಾಗೆ ತೆಗೆದರೆ ಚೆನ್ನಾಗೇ ಬರುತ್ತೆ ಬಿಡಿ. ಮೇಲಾಗಿ ಹತ್ತು ರೀಡಿಂಗಿನಿಂದ ಸಿಗುವ ಸ್ಟ್ಯಾಂಡರ್ಡ್ ಡೀವಿಯೇಶನ್ನೇ (ರೀಡಿಂಗುಗಳು ಎಷ್ಟು ಚೆದುರಿವೆ ಎಂಬ ಅಂಕೆ) ಸುಮಾರು 24% ಆಚೀಚೆ ಇರುತ್ತೆ. ಮೂರೇ ತೆಗೆದರೆ 52%. ಅನಿಶ್ಚಿತತೆ ಲೆಕ್ಕ ಹಾಕುವುದು ಹೇಗೆಂದು ಹೇಳುವ ಅಂತರರಾಷ್ಟ್ರೀಯ ಜಿಯುಎಂ ಕೈಪಿಡಿಯಲ್ಲೇ ಈ ಪಟ್ಟಿ ಇದೆ, ನಾನು ಓದಿರಲಿಲ್ಲ.

ನಿಜವಾಗಿ ಕೈಕೊಟ್ಟಿದ್ದು ಬಿಸಿ. ಗೋಡೆಯ ಥರ್ಮಾಮೀಟರ್ 20.0 ಡಿಗ್ರಿ ತೋರಿಸುತ್ತಿತ್ತು. ಪ್ರೋಬನ್ನು ಗೇಜಿಗೇ ಅಂಟಿಸಿ ನೋಡಿದೆ. ಹೋಲಿಸಲು ಪಕ್ಕದಲ್ಲಿಟ್ಟ ಮಾಸ್ಟರ್ ಗೇಜಿಗಿಂತ 0.3 ಡಿಗ್ರಿ ಜಾಸ್ತಿ! ಪೆಟ್ಟಿಗೆಯಿಂದ ತೆಗೆದು, ಒರೆಸಿ, ಕೈಯಲ್ಲಿ ಹಿಡಿದು ಅರ್ಧ ಗಂಟೆಯೂ ಆಗಿರಲಿಲ್ಲ. ಉಕ್ಕಿನ ಒಂದು ಮೀಟರ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತೆ. 100 ಮಿ.ಮೀ.ಗೆ 0.3 ಡಿಗ್ರಿ ಅಂದರೆ 0.35 ಮೈಕ್ರಾನ್. ನಾನು ಬರೆದುಕೊಟ್ಟಿದ್ದಕ್ಕಿಂತ ಇದೊಂದೇ ಹೆಚ್ಚು. ಶೀಟಿನಲ್ಲಿ ಇದಕ್ಕೆ ನಾನು ಹಾಕಿದ್ದು 0.05 ಡಿಗ್ರಿ.

'ಸುಮ್ನೆ 0.5 ಅಂತ ಹಾಕ್ಬಿಡಿ ಸಾರ್' ಎಂದ ಜೊತೆಯ ಹುಡುಗ. ಹಾಕಬಹುದಿತ್ತು. ಬೇರೆ ಲ್ಯಾಬಿನ ಜೊತೆ ಹೋಲಿಸುವಾಗ ಬರುವ ಇಎನ್ ಅಂಕೆಯೂ (ಇಬ್ಬರ ಅಳತೆಯ ವ್ಯತ್ಯಾಸವನ್ನು ಇಬ್ಬರ ಒಟ್ಟು ಅನಿಶ್ಚಿತತೆಯಿಂದ ಭಾಗಿಸಿದ್ದು; 1ರ ಒಳಗಿದ್ದರೆ ಪಾಸು) ಆಗ ತಾನಾಗಿ 1ರ ಒಳಗೆ ಇಳಿಯುತ್ತೆ. ಆದರೆ ಅದು ಅಳತೆ ಸುಧಾರಿಸಿದ್ದಲ್ಲ, ಗೋಲ್ ಅಗಲ ಮಾಡಿದ್ದು.

ಈಗ ಎರಡೂ ಗೇಜನ್ನು ಒಂದೇ ಕಬ್ಬಿಣದ ಪ್ಲೇಟಿನ ಮೇಲೆ ನಾಲ್ಕು ಗಂಟೆ ಬಿಡುತ್ತೇನೆ. ಬರಿಗೈಲಿ ಮುಟ್ಟುವುದಿಲ್ಲ. ಪ್ರತಿ ರೀಡಿಂಗಿಗೂ ಎತ್ತಿ, ಒರೆಸಿ, ಮತ್ತೆ ಇಡುತ್ತೇನೆ. ಹೊಸ ಲೆಕ್ಕದಲ್ಲಿ 0.30 ಬಂತು. ಮತ್ತೆ 20 ದಿನ ಅಳೆದೆ, ಒಂದು ಸಲ ದಾಟಿತು.

ಹಳೆ ಸರ್ಟಿಫಿಕೇಟು ಪಡೆದವರಿಗೆಲ್ಲ ಫೋನ್ ಮಾಡಿದೆ. 'ಹಾಗಾದ್ರೆ ನಮ್ಮ ಗೇಜು ಸರಿಯಿಲ್ವಾ?' ಎಂದರು ಒಬ್ಬರು. ಕಳಿಸಿಕೊಡಿ, ಮತ್ತೆ ಅಳೆದುಕೊಡ್ತೀನಿ, ದುಡ್ಡು ಬೇಡ ಎಂದೆ.