ಹತ್ತನೇ ಮಹಡಿಯ ಫ್ಲಾಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಫ್ಲಾಟ್ ನೋಡಲು ಹೋದರೆ ಸೇಲ್ಸ್‌ನವರು ಮೊದಲು ಬಾಲ್ಕನಿಗೇ ಕರೆದೊಯ್ಯುತ್ತಾರೆ. ಅದನ್ನು ಕೊನೆಗೆ ನೋಡಿದರಾಯಿತು. ಹೊರಡುವ ಮುಂಚೆ ಮನೆಯಲ್ಲೇ ಕುಳಿತು ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಹೆಸರು ಹುಡುಕಿ. ಮಂಜೂರಾದ ನಕ್ಷೆ, ಮುಗಿಸುತ್ತೇವೆಂದು ಬಿಲ್ಡರ್ ಕೊಟ್ಟ ದಿನಾಂಕ ಅಲ್ಲಿ ಸಿಗುತ್ತವೆ. ನಕ್ಷೆಯಲ್ಲಿ ಎಷ್ಟು ಮಹಡಿ ಇದೆ ನೋಡಿಕೊಳ್ಳಿ. ಸೈಟಿನಲ್ಲಿ ಮತ್ತೆ ಎಣಿಸಿ. ಒಂದು ಜಾಸ್ತಿ ಕಂಡರೆ ಮುಂದಿನ ಮಾತೇ ಬೇಡ.

ಕಟ್ಟಡ ಮುಗಿದಿದ್ದರೆ ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದೆಂದು ಸ್ಥಳೀಯ ಪ್ರಾಧಿಕಾರ ಕೊಡುವ ಸ್ವಾಧೀನಾನುಭವ ಪತ್ರ ಕೇಳಿ. ‘ಅಪ್ಲೈ ಮಾಡಿದ್ದೀವಿ ಸಾರ್, ಬಂದ್ಬಿಡುತ್ತೆ’ ಅನ್ನುವುದು ಲೆಕ್ಕಕ್ಕಿಲ್ಲ. ಈ ಪತ್ರ ತೋರಿಸಿದ ಮೇಲೇ ಕರೆಂಟು, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಅಳತೆ. ಸೂಪರ್ ಬಿಲ್ಟಪ್ ಏರಿಯಾದಲ್ಲಿ ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೂ ಸೇರಿರುತ್ತದೆ. ನೀವು ಮಂಚ ಹಾಕುವ ಜಾಗ ಕಾರ್ಪೆಟ್ ಏರಿಯಾ. ಅದರಲ್ಲಿ ಒಳಗಿನ ಗೋಡೆ ಸೇರುತ್ತದೆ, ಹೊರಗಿನ ಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಉದಾಹರಣೆಗೆ, ಸೂಪರ್ ಬಿಲ್ಟಪ್ 1,200 ಚದರಡಿ, ಅಡಿಗೆ 8,000 ರೂಪಾಯಿಯಂತೆ 96 ಲಕ್ಷ ಎಂದುಕೊಳ್ಳಿ. ಕಾರ್ಪೆಟ್ 840 ಚದರಡಿ ಇದ್ದರೆ ಅಡಿಗೆ ಬೀಳುವ ನಿಜವಾದ ದರ ಸುಮಾರು 11,430. ಎರಡು ಫ್ಲಾಟುಗಳನ್ನು ಹೋಲಿಸುವಾಗ ಈ ದರ ಹಿಡಿದೇ ಹೋಲಿಸಿ.

ಆಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳಿಯಿರಿ. ಯಾರೂ ಇದನ್ನು ಮಾಡುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡವನ್ನು ಹೈರೈಸ್ ಎನ್ನುತ್ತದೆ. ಹತ್ತನೇ ಮಹಡಿ ಅದಕ್ಕಿಂತ ಎಷ್ಟೋ ಮೇಲೆ. ಮೆಟ್ಟಿಲ ಬಾಗಿಲು ತಳ್ಳಿ ಬಿಡಿ, ತಾನಾಗಿ ಮುಚ್ಚಿಕೊಳ್ಳಬೇಕು. ಬೆಂಕಿ ಬಿದ್ದಾಗ ಮೆಟ್ಟಿಲಿಗೆ ಹೊಗೆ ನುಗ್ಗದಂತೆ ತಡೆಯುವುದು ಅದೇ. ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟಿದ್ದಾರಾ? ಬೀಗ ಹಾಕಿದ್ದಾರಾ? ಲ್ಯಾಂಡಿಂಗಿನಲ್ಲಿ ಚಪ್ಪಲಿ ಸ್ಟ್ಯಾಂಡು, ಹಳೇ ಸೈಕಲ್ಲು ಇವೆಯಾ? ಬೆಂಕಿ ಆರಿಸುವ ಪೈಪಿರುವ ಹೋಸ್‌ರೀಲ್ ಪೆಟ್ಟಿಗೆಯನ್ನೂ ತೆಗೆದು ನೋಡಿ, ಒಳಗೆ ಪೊರಕೆ ಇಟ್ಟಿರುತ್ತಾರೆ ಕೆಲವು ಕಡೆ! 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತರು. ಅದು ಆಫೀಸುಗಳಿದ್ದ ಕಟ್ಟಡ, ಆದರೆ ಹೊಗೆಗೆ ಆ ಭೇದವಿಲ್ಲ ಅಲ್ವಾ?

ಕೆಳಗೆ ಬಂದ ಮೇಲೆ ಸೆಕ್ಯೂರಿಟಿಯವರ ಹತ್ತಿರ ಸುಮ್ನೆ ಮಾತಾಡಿ. ಕಾವೇರಿ ನೀರು ಬರುತ್ತಾ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್? ಕರೆಂಟು ಹೋದಾಗ ಜನರೇಟರಿನಲ್ಲಿ ಎಷ್ಟು ಲಿಫ್ಟ್ ಓಡುತ್ತವೆ? ಬ್ರೋಷರ್‌ನಲ್ಲಿ ಇಲ್ಲದ್ದು ಗೇಟಿನಲ್ಲಿ ಸಿಗುತ್ತದೆ.

ಎಲ್ಲ ಒಪ್ಪಿಗೆಯಾದರೆ ದುಡ್ಡಿನ ಮಾತು. ಇನ್ನೂ ಕಟ್ಟುತ್ತಿರುವ ಪ್ರಾಜೆಕ್ಟಾದರೆ, ಕರಾರು ಬರೆದು ನೋಂದಾಯಿಸುವ ಮುಂಚೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ರೇರಾ ಕಾಯ್ದೆಯ 13ನೇ ಸೆಕ್ಷನ್ ಅದು. ಜಾಸ್ತಿ ಕೇಳಿದರೆ ಆ ನಂಬರ್ ಹೇಳಿ.