ಮಾನ್‌ಸ್ಟರ್ ಹಂಟರ್ ವರ್ಲ್ಡಲ್ಲಿ ಯಾವ ಆಯುಧ ಹಿಡೀಬೇಕು?

ಮೊನ್ನೆ ಮಳೆಗೆ ರಜೆ ಸಿಕ್ಕಿದ್ದೇ ತಡ, ಉಡುಪಿಯಲ್ಲಿರುವ ಚಿಕ್ಕಮ್ಮನ ಮಗ ಮಾನ್‌ಸ್ಟರ್ ಹಂಟರ್ ವರ್ಲ್ಡ್ ಅನ್ನುವ, ದೈತ್ಯ ಪ್ರಾಣಿಗಳನ್ನು ಬೇಟೆಯಾಡುವ ವಿಡಿಯೋ ಗೇಮ್ ಹಾಕಿದ್ದಾನೆ, ಒಂದು ಗಂಟೆ ಆಗ್ಲಿಲ್ಲ ಫೋನ್ ಬಂತು, "ಅಣ್ಣ, 14 ಆಯುಧ ಉಂಟು, ಯಾವುದು ಹಿಡಿಯುದು?" ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ.

ಮೊದಲು ಅಟ್ಯಾಕ್ ನಂಬರ್ ನೋಡಿ ಆಯುಧ ಆರಿಸುದು ಬಿಡಿ. ಅಲ್ಲಿ ಕಾಣುವ ನಂಬರಿಗೆ ಒಂದೊಂದು ಆಯುಧಕ್ಕೆ ಒಂದೊಂದು ಗುಣಕ ಸೇರಿರ್ತದೆ, ಗ್ರೇಟ್ ಸೋರ್ಡ್ ಅಂದ್ರೆ ಭಾರದ ದೊಡ್ಡ ಕತ್ತಿಗೆ 4.8, ಡ್ಯುಯಲ್ ಬ್ಲೇಡ್ಸ್ ಅಂದ್ರೆ ಜೋಡಿ ಕತ್ತಿಗೆ 1.4, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ರೆ ಎಂತದೂ ಗೊತ್ತಾಗುದಿಲ್ಲ. ಎಲ್ಲಾ ಆಯುಧದ ಶುರುವಿನ ಮಾಡೆಲ್ ನಿಮ್ಮ ಪೆಟ್ಟಿಗೆಯಲ್ಲೇ ಉಂಟು. ಟ್ರೈನಿಂಗ್ ಏರಿಯಾಕ್ಕೆ ಹೋಗಿ ಒಂದೊಂದನ್ನು ಹತ್ತು ನಿಮಿಷ ಬೀಸಿ, ಆಮೇಲೆ ಇಷ್ಟ ಆದ ಎರಡನ್ನು ಹಿಡ್ಕೊಂಡು ಶುರುವಲ್ಲೇ ಸಿಗುವ ದೊಡ್ಡ ಪ್ರಾಣಿ ಗ್ರೇಟ್ ಜಾಗ್ರಾಸನ್ನೇ ಮೂರ್ನಾಲ್ಕು ಸಲ ಹೊಡೀರಿ, ಕಂಬಕ್ಕೆ ಹೊಡೆಯುದೇ ಬೇರೆ, ಮೈಮೇಲೆ ಬರುವ ಪ್ರಾಣಿಗೆ ಹೊಡೆಯುದೇ ಬೇರೆ.

ನನ್ನದು ಗ್ರೇಟ್ ಸೋರ್ಡ್. ಬಟನ್ ಒತ್ತಿ ಹಿಡಿದ್ರೆ ನಮ್ಮ ಬೇಟೆಗಾರನ ಮೈ ಒಂದ್ಸಲ ಹೊಳೀತದೆ, ಎರಡು, ಮೂರು, ಮೂರನೇ ಹೊಳಪಿಗೆ ಸರಿಯಾಗಿ ಬಿಡ್ಬೇಕು, ಇನ್ನೂ ಹಿಡ್ಕೊಂಡ್ರೆ ಜೋರು ಕಮ್ಮಿ ಆಗ್ತದೆ. ಪ್ರಾಣಿಯ ತಲೆ ಈಗ ಎಲ್ಲಿದೆ ಅಂತ ಅಲ್ಲ, ಇನ್ನೊಂದು ಸೆಕೆಂಡಿಗೆ ಎಲ್ಲಿಗೆ ಬರ್ತದೆ ಅಂತ ನೋಡಿ ಬೀಸ್ಬೇಕು. ವಾಲಿಬಾಲಲ್ಲಿ ಚೆಂಡು ಬರುವ ಮೊದಲೇ ಸ್ಮ್ಯಾಶಿಗೆ ಹಾರ್ತೇವಲ್ಲ, ಹಾಗೆ. ಅದು ತಾಗಿದಾಗ ಸಿಗುವ ಖುಷಿ ಬೇರೆ ಯಾವ ಆಯುಧದಲ್ಲೂ ನನಗೆ ಸಿಗ್ಲಿಲ್ಲ. ಕಾಯುದೇ ಆಗದವರಿಗೆ ಮಾತ್ರ ಇದು ಬೇಡ, ಡ್ಯುಯಲ್ ಬ್ಲೇಡ್ಸ್ ತಗೊಳ್ಳಿ, ಸ್ಟ್ಯಾಮಿನಾ ಮೇಲೆ ಒಂದು ಕಣ್ಣಿಟ್ರೆ ಸಾಕು.

ಎಂತ ಬೇಕು ಅಂತಲೇ ಗೊತ್ತಿಲ್ಲದವರಿಗೆ ಸೋರ್ಡ್ ಅಂಡ್ ಶೀಲ್ಡ್. ಕತ್ತಿ ಹೊರಗಿದ್ದಾಗಲೇ ಪೋಶನ್, ಅಂದ್ರೆ ಜೀವ ತುಂಬುವ ಮದ್ದು ಕುಡೀಬಹುದು, ಹೊಸಬರ ಜೀವ ಉಳಿಸುದೇ ಅದು. ಬಾಲ ಕಡೀಬೇಕಾದ್ರೆ ಕೊಯ್ಯುವ ಆಯುಧ ಬೇಕು. ಹ್ಯಾಮರಲ್ಲಿ ಬಾಲ ತುಂಡಾಗುದಿಲ್ಲ, ಆದ್ರೆ ತಲೆಗೇ ಬಡೀತಾ ಇದ್ರೆ ಪ್ರಾಣಿ ತಲೆ ತಿರುಗಿ ಬೀಳ್ತದೆ. ಹಂಟಿಂಗ್ ಹಾರ್ನ್, ಅಂದ್ರೆ ಬಾರಿಸ್ಲಿಕ್ಕೂ ಬಡೀಲಿಕ್ಕೂ ಆಗುವ ವಾದ್ಯ, ಹಿಡಿಯುವವರು ಕಮ್ಮಿ, ಅದು ನನಗೆ ಬೇಜಾರು. ಚೆಂಡೆ ಇಲ್ಲದಿದ್ರೆ ವೇಷಕ್ಕೆ ಆವೇಶ ಎಲ್ಲಿಂದ ಬರ್ಬೇಕು ಮಾರಾಯ್ರೆ? ಅದರ ಪದ್ಯಕ್ಕೆ ಇಡೀ ಟೀಮಿನ ಬಲ ಏರ್ತದೆ, ಅದರಲ್ಲೇ ತಲೆಗೂ ಬಡೀಬಹುದು. ಗುಂಡು ಹಾರಿಸುವ ಬೋಗನ್ ಲೈಟ್, ಹೆವಿ ಅಂತ ಎರಡು ಉಂಟು, ಎರಡಕ್ಕೂ ಗುಂಡು ಹೊಂದಿಸ್ತಾ ಇರ್ಬೇಕು. ಕತ್ತಿಯೂ ಕೊಡಲಿಯೂ ಆಗುವ ಚಾರ್ಜ್ ಬ್ಲೇಡ್ ಚಂದ ಉಂಟು, ಆದ್ರೆ ಕಲಿಯುದು ಕಷ್ಟ, ಐವತ್ತು ಗಂಟೆ ಆಡಿದ್ಮೇಲೆ ಮುಟ್ಟಿ.

ನಮ್ಮ ಹುಡುಗ ಲಾಂಗ್ ಸೋರ್ಡ್ ಹಿಡಿದು ಮೂರು ಹಂಟಲ್ಲೂ ನನ್ನನ್ನೇ ಎಡವಿ ಬೀಳಿಸಿದ, ಅದರ ಬೀಸು ಅಷ್ಟು ಉದ್ದ, ಜೊತೆಗಾರರಿಂದ ಸ್ವಲ್ಪ ದೂರ ನಿಲ್ಬೇಕು. ಆಮೇಲೆ ಲ್ಯಾನ್ಸ್, ಅಂದ್ರೆ ಉದ್ದ ಈಟಿ ಮತ್ತು ದೊಡ್ಡ ಶೀಲ್ಡ್, ಹಿಡೀಲಿಕ್ಕೆ ಹೇಳಿದೆ. ಈಗ ಅಂಜನಾಥ್ ಅನ್ನುವ ದೈತ್ಯ ಪ್ರಾಣಿ ಬಾಯಿ ತೆರೆದು ಅಬ್ಬರಿಸಿದಾಗ ನಾನು ಕಿವಿ ಮುಚ್ಕೊಂಡು ನಿಂತಿರ್ತೇನೆ, ಅವನು ಶೀಲ್ಡಲ್ಲಿ ಅದನ್ನು ತಡೆದು ಅಲ್ಲಿಂದಲೇ ಕಾಲಿಗೆ ತಿವೀತಾನೆ.