ಹಳೆಯ ಕನ್ನಡ ಫೈಲುಗಳನ್ನು ನಾನು ಯೂನಿಕೋಡಿಗೆ ತಂದ ಬಗೆ

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಫೋಟೋ, ಹಾಡು ಸಾಗಿಸುವುದು ಸುಲಭ. ಕಾಪಿ ಮಾಡಿದರೆ ಮುಗಿಯಿತು. ಆದರೆ ಇಪ್ಪತ್ತು ವರ್ಷದ ಹಿಂದೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಬರಹಗಳು ಹಾಗಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳೂ ಸಾಲಾಗಿ ನಿಂತಿರುತ್ತವೆ. ನನ್ನ ಹತ್ತಿರ ಇಂಥ ಪತ್ರಗಳು, ಲೇಖನಗಳು, ಟಿಪ್ಪಣಿಗಳು ತುಂಬಾ ಇದ್ದವು. ಅವನ್ನೆಲ್ಲ ಯೂನಿಕೋಡಿಗೆ, ಅಂದರೆ ಈಗಿನ ಕಂಪ್ಯೂಟರು, ಫೋನುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಗೆ ತಂದೆ. ಹೇಗೆ ಮಾಡಿದೆ ಅಂತ ಇಲ್ಲಿ ಹೇಳುತ್ತೇನೆ.

ಫೈಲು ಹೀಗೇಕೆ ಕಾಣುತ್ತದೆ ಅಂತ ಮೊದಲು ತಿಳಿದಿರಬೇಕು. ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ ಬಂದದ್ದು 1998ರಲ್ಲಿ. ಆಗಿನ ವಿಂಡೋಸಿಗೆ ಕನ್ನಡ ಬರುತ್ತಲೇ ಇರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡದ ಯೂನಿಕೋಡ್ ಫಾಂಟ್ ಸೇರಿತು. ಅದಕ್ಕೂ ಮುಂಚೆ ಒಂದು ಫಾಂಟಿನಲ್ಲಿ ಇದ್ದದ್ದು 256 ಸ್ಥಾನ ಮಾತ್ರ. ಕನ್ನಡದ ಎಲ್ಲ ಗುಣಿತ, ಒತ್ತಕ್ಷರ ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಲ್ಯಾಟಿನ್ ಅಕ್ಷರದ ಜಾಗದಲ್ಲಿ ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳೂ ಇದೇ ಬಗೆಯವು. ಆ ಕಾಲಕ್ಕೆ ಅದೇ ಸರಿಯಾದ ದಾರಿ. ಅಷ್ಟೊಂದು ಪುಸ್ತಕ, ಪತ್ರಿಕೆ ಅಚ್ಚಾದದ್ದು ಅದರಿಂದಲೇ. ಆದರೆ ಫಾಂಟ್ ಅನ್ನುವುದು ಇಲ್ಲಿ ಬರೀ ವೇಷ. ಕಳಚಿದರೆ ಒಳಗಿರುವುದು ಲ್ಯಾಟಿನ್.

ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಜಾಗ ಇದೆ. ಅಲ್ಲಿ ಅಕ್ಷರದ ಆಕಾರ ಇರುವುದಿಲ್ಲ, ಅಕ್ಷರವೇ ಇರುತ್ತದೆ. ಅದನ್ನು ಚಂದವಾಗಿ ಜೋಡಿಸಿ ತೋರಿಸುವುದು ಬೇರೆ ತಂತ್ರಾಂಶದ ಕೆಲಸ.

ನಾನು ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸ ಪಿಡಿಎಫ್ ತೆಗೆದದ್ದು. ಹಳೆಯ ಫಾಂಟುಗಳನ್ನು ಹಾಕಿಕೊಂಡು, ಪ್ರತಿ ಫೈಲನ್ನೂ ತೆರೆದು ಪಿಡಿಎಫ್ ಮಾಡಿಟ್ಟೆ. ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಮುಂದೆ ಪರಿವರ್ತನೆಯಲ್ಲಿ ಏನೇ ಅನುಮಾನ ಬಂದರೂ ಪಕ್ಕದಲ್ಲಿಟ್ಟು ನೋಡಲು ಇದೇ ಆಧಾರ. ಮೂಲ ಫೈಲುಗಳನ್ನೂ ಬೇರೆ ಡಿಸ್ಕಿನಲ್ಲಿ ಹಾಗೇ ಇಟ್ಟಿದ್ದೇನೆ, ಅಳಿಸುವುದಿಲ್ಲ.

ಈ ಹಳೆಯ ರೂಪಕ್ಕೆ ಆಸ್ಕಿ ಅನ್ನುತ್ತಾರೆ. ಆಸ್ಕಿಯಿಂದ ಯೂನಿಕೋಡಿಗೆ ತರುವ ಕನ್ವರ್ಟರುಗಳು ಉಚಿತವಾಗಿಯೇ ಸಿಗುತ್ತವೆ. ಒಂದೆರಡು ಪುಟ ಇದ್ದರೆ ಅವೇ ಸಾಕು. ನನ್ನ ತೊಡಕು ಬೇರೆ. ನನ್ನ ಲೇಖನಗಳಲ್ಲಿ ನಡುನಡುವೆ ಇಂಗ್ಲಿಷ್ ಪದಗಳಿವೆ. ಎರಡೂ ಒಂದೇ ಲ್ಯಾಟಿನ್ ಅಕ್ಷರಗಳಲ್ಲಿ ಇರುವುದರಿಂದ, ಕನ್ವರ್ಟರ್ ಇಂಗ್ಲಿಷನ್ನೂ ಕನ್ನಡದ ತುಂಡು ಅಂತಲೇ ತಿಳಿದು ಕಲಸಿಬಿಡುತ್ತದೆ. ಬರೀ ಪಠ್ಯ ಕೊಟ್ಟರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ, ಅಲ್ವಾ? ಯಾವ ಪದ ಯಾವ ಫಾಂಟಿನಲ್ಲಿದೆ ಅನ್ನುವ ಮಾಹಿತಿ ವರ್ಡ್ ಫೈಲಿನೊಳಗೆ ಮಾತ್ರ ಇರುತ್ತದೆ. ಆದ್ದರಿಂದ ಲಿಬ್ರೆ ಆಫೀಸ್ ಅನ್ನುವ ಉಚಿತ ತಂತ್ರಾಂಶ ಬಳಸಿ ಹಳೆಯ ವರ್ಡ್ ಫೈಲುಗಳನ್ನೆಲ್ಲ ಒಟ್ಟಿಗೆ ಹೊಸ ರೂಪಕ್ಕೆ ಬದಲಿಸಿಕೊಂಡೆ. ಆಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದು ಫಾಂಟಿನ ಹೆಸರು ನೋಡುತ್ತದೆ. ಕನ್ನಡ ಫಾಂಟ್ ಇದ್ದ ಭಾಗವನ್ನಷ್ಟೇ ಬದಲಿಸುತ್ತದೆ. ಉಳಿದದ್ದನ್ನು ಮುಟ್ಟುವುದಿಲ್ಲ.

ಯಾವ ತುಂಡುಗಳು ಸೇರಿದರೆ ಯಾವ ಅಕ್ಷರ ಅಂತ ಪ್ರೋಗ್ರಾಮಿಗೆ ಒಂದು ಪಟ್ಟಿ ಬೇಕು. ನನಗೆ ತುಂಬಾ ಹಿಡಿಸಿದ್ದು ಆ ಪಟ್ಟಿ ಮಾಡುವ ಕೆಲಸ. ಹಳೆಯ ಫಾಂಟಿನಲ್ಲಿ 'ಮ' ಅನ್ನುವ ಇಡೀ ಅಕ್ಷರವೇ ಇಲ್ಲ. 'ವ' ಬರೆದು ಪಕ್ಕಕ್ಕೆ ಒಂದು ಕೊಂಬು ಸೇರಿಸಿದರೆ 'ಮ'. 'ದ'ಕ್ಕೆ ಕೆಳಗೊಂದು ಗೀರು ಸೇರಿದರೆ 'ಧ'. 'ಝ' ಶುರುವಾಗುವುದೇ 'ರ'ದಿಂದ. ಆದ್ದರಿಂದ ಪ್ರೋಗ್ರಾಂ ಯಾವಾಗಲೂ ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು. ಚಿಕ್ಕದನ್ನು ಮೊದಲು ಹಿಡಿದರೆ 'ಮ' ಇದ್ದಲ್ಲೆಲ್ಲ 'ವ'ವೂ ಒಂದು ಅನಾಥ ಕೊಂಬೂ ಉಳಿಯುತ್ತವೆ.

ಇನ್ನು ಕ್ರಮದ ಮಾತು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಫೈಲಿನ ಕ್ರಮ. 'ಧರ್ಮ' ಅನ್ನುವಲ್ಲಿ ಅರ್ಕಾವತ್ತು 'ಮ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ಅಂದರೆ 'ರ್' ಮೊದಲು, 'ಮ' ಆಮೇಲೆ. ಹಾಗಾಗಿ ಅರ್ಕಾವತ್ತು ಕಂಡಲ್ಲೆಲ್ಲ ಒಂದು ಅಕ್ಷರ ಹಿಂದಕ್ಕೆ ಜರುಗಿಸಬೇಕು. ಆ ಅಕ್ಷರಕ್ಕೆ ಗುಣಿತ ಇದ್ದರೆ ಅದನ್ನೂ ದಾಟಿಸಬೇಕು. 'ಸ್ತ್ರೀ' ಇನ್ನೂ ಸೊಗಸು. ಹಳೆಯ ಫೈಲಿನಲ್ಲಿ ಅದು ಮೊದಲು 'ಸಿ', ಆಮೇಲೆ ತ ಒತ್ತು, ರ ಒತ್ತು, ಕೊನೆಗೆ ದೀರ್ಘದ ಗುರುತು. ಎಲ್ಲವನ್ನೂ ಬಿಡಿಸಿ ಮತ್ತೆ ಕಟ್ಟಬೇಕು. ಈ ಒಂದು ಪದ ಸರಿಯಾಗಿ ಬಂದರೆ ಪ್ರೋಗ್ರಾಂ ಮುಕ್ಕಾಲು ಪಾಲು ಗೆದ್ದಂತೆ.

'ಸಾಫ್ಟ್‌ವೇರ್' ಥರದ ಪದಗಳನ್ನು ಬೇರೆಯಾಗಿ ನೋಡಿಕೊಂಡೆ. ಹಳೆಯ ಫೈಲಿನಲ್ಲಿ 'ಫ್ಟ್' ಬೇರೆ, 'ವೇ' ಬೇರೆ. ಹಾಗೇ ಯೂನಿಕೋಡಿಗೆ ತಂದರೆ 'ವ' ಹೋಗಿ ಅದಕ್ಕೂ ಮೊದಲಿನ ಅಕ್ಷರಕ್ಕೆ ಒತ್ತಾಗಿ ಕೂರುತ್ತದೆ. ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. ಅರ್ಧಾಕ್ಷರ ಆದ ಕೂಡಲೇ ಪೂರ್ತಿ ವ್ಯಂಜನ ಬಂದರೆ ಅದನ್ನು ತಾನೇ ಸೇರಿಸುವಂತೆ ಮಾಡಿದೆ.

ಕೊನೆಗೆ ಒಂದು ಸಾಲಿನ ಕೆಲಸ ಇದೆ, ಅದನ್ನು ದಯವಿಟ್ಟು ಬಿಡಬೇಡಿ. ಯೂನಿಕೋಡಿನಲ್ಲಿ 'ಕೀ' ಅನ್ನುವುದನ್ನು ಒಂದೇ ದೀರ್ಘ ಗುಣಿತದಿಂದಲೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎರಡನ್ನು ಸೇರಿಸಿಯೂ ಬರೆಯಬಹುದು. ನೋಡಲು ಒಂದೇ. ಕಂಪ್ಯೂಟರಿಗೆ ಬೇರೆಬೇರೆ. ತುಂಡುಗಳಿಂದ ಕಟ್ಟಿದ ಪಠ್ಯದಲ್ಲಿ ಎರಡನೆಯದೇ ಜಾಸ್ತಿ ನುಸುಳುತ್ತದೆ. ಆಮೇಲೆ ಕಣ್ಣೆದುರೇ ಇರುವ ಪದ ಹುಡುಕಾಟದಲ್ಲಿ ಸಿಗುವುದಿಲ್ಲ. ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಪೈಥಾನಿನಲ್ಲಿ ಅದಕ್ಕೆ ಸಿದ್ಧ ಫಂಕ್ಷನ್ ಇದೆ.

ಸಾವಿರಾರು ಪದಗಳನ್ನು ಓದಿ ತಿದ್ದುವುದು ಕಷ್ಟ. ಹಾಗಾಗಿ ಕನ್ನಡದಲ್ಲಿ ಬರಲು ಸಾಧ್ಯವೇ ಇಲ್ಲದ ಜೋಡಣೆಗಳನ್ನು ಹುಡುಕಿದೆ. ಒಂದು ಗುಣಿತದ ಮೇಲೆ ಇನ್ನೊಂದು ಗುಣಿತ, ಪದದ ಶುರುವಿನಲ್ಲೇ ಒತ್ತು, ಕನ್ನಡದ ನಡುವೆ ಉಳಿದ ಯುರೋಪಿನ ಅಕ್ಷರ, ಇಂಥವು. ಸಿಕ್ಕ ಕಡೆಯೆಲ್ಲ ಪಟ್ಟಿಯಲ್ಲಿ ಒಂದು ತುಂಡು ಕಡಿಮೆ ಇದೆ ಅಂತ ಅರ್ಥ. ಅದನ್ನು ಸೇರಿಸಿ ಮತ್ತೆ ಓಡಿಸಿದೆ. ಪದದ ಮಧ್ಯೆ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಕೂತಿದೆಯೇ ಅಂತಲೂ ನೋಡಿ. ಎರಡೂ ಒಂದೇ ಥರ ಕಾಣುವುದರಿಂದ ಕಣ್ಣು ಹಿಡಿಯುವುದೇ ಇಲ್ಲ.

ಬರೀ ಪಠ್ಯದ ಫೈಲುಗಳಿಗೆ ಒಂದು ಮಾತು. ಅವನ್ನು ಓದುವಾಗ ಅಕ್ಷರ ಸಂಕೇತ ವಿಂಡೋಸ್ 1252, ಅಂದರೆ ವಿಂಡೋಸಿನ ಹಳೆಯ ಲ್ಯಾಟಿನ್ ಸಂಕೇತ, ಅಂತ ಸ್ಪಷ್ಟವಾಗಿ ಹೇಳಿ ತೆರೆಯಿರಿ. ಯೂನಿಕೋಡಿನ ರೂಪವಾದ ಯುಟಿಎಫ್ 8 ಅಂದುಕೊಂಡು ತೆರೆದು ಉಳಿಸಿದರೆ ತುಂಡುಗಳೇ ಕೆಟ್ಟುಹೋಗುತ್ತವೆ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ ಫಾಂಟುಗಳಲ್ಲಿ ತುಂಡುಗಳ ಜೋಡಣೆ ಬೇರೆ, ಅದಕ್ಕೆ ಬೇರೆಯದೇ ಪಟ್ಟಿ ಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ, ಈಗ ಒಂದು ಪದ ಹಾಕಿದರೆ ಹಳೆಯ ಪತ್ರ ಸಿಗುತ್ತದೆ. ಫೋನಿನಲ್ಲೂ ಓದುತ್ತೇನೆ. ಪಠ್ಯವನ್ನು ಗಟ್ಟಿಯಾಗಿ ಓದುವ ಇ-ಸ್ಪೀಕ್ ತಂತ್ರಾಂಶ ಕನ್ನಡ ಓದುತ್ತದೆ, ಹಾಗಾಗಿ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಬಳಸುವ, ಕಣ್ಣು ಕಾಣದ ಓದುಗರಿಗೂ ಈ ಬರಹಗಳು ತಲುಪುತ್ತವೆ. ಹಳೆಯ ರೂಪದಲ್ಲಿ ಅವರಿಗೆ ಕೇಳಿಸುತ್ತಿದ್ದದ್ದು ಅರ್ಥವಿಲ್ಲದ ಸದ್ದು. ನನಗೆ ಇದೇ ದೊಡ್ಡ ಕಾರಣ. ಟೈಪ್ ಮಾಡುವ ಅಭ್ಯಾಸವನ್ನೂ ಬದಲಿಸಬೇಕಾಗಿ ಬರಲಿಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯೂನಿಕೋಡಿಗೂ ಹಾಗೇ ಸಿಗುತ್ತದೆ.

ಇನ್ನು ಉಳಿದಿರುವುದು ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನ ಫೈಲುಗಳು. ಲಿಬ್ರೆ ಆಫೀಸ್ ಅವನ್ನೂ ತೆರೆಯುತ್ತದೆ. ಪುಟದ ವಿನ್ಯಾಸದ ಆಸೆ ಬಿಟ್ಟು, ಪಠ್ಯವನ್ನಷ್ಟೇ ತೆಗೆದು ಇದೇ ಪ್ರೋಗ್ರಾಮಿಗೆ ಕೊಡುತ್ತಿದ್ದೇನೆ.